ಎಸ್‌ಆರ್‌ಡಿ 5.1ರ ಮಾನ್ಸ್ಟರ್ ಪುಟಗಳು: ಅಂಕಿ ಪೂರ್ತಿ ಇವೆ, ನಡೆ ನಾವೇ ಓದಿಕೊಳ್ಳಬೇಕು

ಡಿ ಅಂಡ್ ಡಿ, ಅಂದರೆ ಮೇಜಿನ ಸುತ್ತ ಕೂತು ದಾಳ ಎಸೆದು ಪಾತ್ರಗಳಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ದುಬಾರಿ ಪುಸ್ತಕ ತರಿಸಲೇಬೇಕೆಂದಿಲ್ಲ. ಐದನೇ ಆವೃತ್ತಿಯ ನಿಯಮಗಳ ಬುನಾದಿಯನ್ನು ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್ (ಎಸ್‌ಆರ್‌ಡಿ) 5.1 ಎಂಬ ಪಿಡಿಎಫ್‌ನಲ್ಲಿ ಪುಕ್ಕಟೆ ಕೊಟ್ಟಿದೆ. 2023ರ ಜನವರಿಯಲ್ಲಿ ಅದನ್ನು ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್ 4.0 ಪರವಾನಗಿಯಲ್ಲೂ ಬಿಡುಗಡೆ ಮಾಡಿತು. ನಾನೂರಕ್ಕೂ ಹೆಚ್ಚು ಪುಟ, ಅದರಲ್ಲಿ ಮೂರನೇ ಒಂದು ಪಾಲಿಗೂ ಮಿಕ್ಕಿದ್ದು ಮಾನ್ಸ್ಟರ್‌ಗಳದ್ದು. ಈ ವಿಮರ್ಶೆ ಆ ಪಾಲಿನದು ಮಾತ್ರ. ಕೇಳಬೇಕಾದ ಪ್ರಶ್ನೆಯೂ ಒಂದೇ: ಇಷ್ಟೇ ಇಟ್ಟುಕೊಂಡು ಕೂತ ಡಿಎಂ (ಆಟ ನಡೆಸುವ ಡಂಜನ್ ಮಾಸ್ಟರ್) ಒಬ್ಬರು ನಂಬುವಂಥ ಕಾಳಗ ನಡೆಸಬಹುದೇ?

ನಡೆಸಬಹುದು, ಚೆನ್ನಾಗಿಯೇ ನಡೆಸಬಹುದು. ಆದರೆ ಪುಟ ತೆರೆದು ನೇರವಾಗಿ ಆಡಿಸಿದರೆ ಕೆಡುತ್ತದೆ. ಇದರಲ್ಲಿ ಚಿತ್ರವಿಲ್ಲ. ಪ್ರಾಣಿ ಎಲ್ಲಿ ಇರುತ್ತದೆ, ಏನು ತಿನ್ನುತ್ತದೆ, ಯಾವಾಗ ಹೆದರುತ್ತದೆ ಎಂಬ ವಿವರ ಹೆಚ್ಚಿನ ಕಡೆ ಇಲ್ಲ. ಕಾಳಗ ಬಿಟ್ಟು ಓಡುವುದಕ್ಕೆ ನಿಯಮವೇ ಇಲ್ಲ. ಹೀಗಾಗಿ ಹೊಸ ಡಿಎಂ ಕೈಯಲ್ಲಿ ಕುಳ್ಳ ಕಿಡಿಗೇಡಿ ಗಾಬ್ಲಿನ್, ತೋಳ, ದೈತ್ಯ ಓಗರ್ ಮೂರೂ ಒಂದೇ ಥರ ಆಡುತ್ತವೆ. ಎದುರಿಗೆ ಬಂದು ನಿಲ್ಲುತ್ತವೆ, ಹತ್ತಿರ ಇದ್ದವರಿಗೆ ಹೊಡೆಯುತ್ತವೆ, ಎಚ್‌ಪಿ (ಪೆಟ್ಟು ತಾಳುವ ಅಂಕ) ಸೊನ್ನೆಯಾದಾಗ ಬೀಳುತ್ತವೆ. ಮೂರನೇ ಸುತ್ತಿಗೆ ಆಟಗಾರರು ಮೊಬೈಲ್ ನೋಡಲು ಶುರುಮಾಡುತ್ತಾರೆ. ತಪ್ಪು ಅವರದಲ್ಲ, ಅಲ್ಲಿ ಊಹಿಸುವುದಕ್ಕೇ ಏನೂ ಉಳಿದಿರುವುದಿಲ್ಲ.

ಈ ದಾಖಲೆಯ ನಿಜವಾದ ಬಲ ಇರುವುದು ಅದರ ಅಂಕಿಗಳಲ್ಲಿ. ಪ್ರತಿ ಸಂಖ್ಯೆಯ ಹಿಂದೆ ಒಂದು ಸ್ವಭಾವ ಇದೆ. ಗಾಬ್ಲಿನ್‌ನಿಂದಲೇ ಶುರುಮಾಡೋಣ. ಎಸಿ (ಏಟು ತಗುಲಲು ಇಪ್ಪತ್ತುಮುಖದ ದಾಳದ ಮೊತ್ತ ಮುಟ್ಟಬೇಕಾದ ಅಂಕ) 15, ಎಚ್‌ಪಿ 7, ಶಕ್ತಿ 8, ಚುರುಕು 14, ಬುದ್ಧಿ 10, ಅಡಗುವ ಕೌಶಲ +6. ಜೊತೆಗೆ ‘ನಿಂಬಲ್ ಎಸ್ಕೇಪ್’: ಪ್ರತಿ ಸುತ್ತಿನಲ್ಲೂ ಬೋನಸ್ ಆಕ್ಷನ್ನಿನಲ್ಲಿ (ಸರದಿಯ ಮುಖ್ಯ ಕೆಲಸವಾದ ಆಕ್ಷನ್ ಅಲ್ಲದೆ ಸಿಗುವ ಚಿಕ್ಕ ಕೆಲಸ) ಅಡಗಬಹುದು, ಅಥವಾ ಡಿಸ್‌ಎಂಗೇಜ್ ಮಾಡಿ ಏಟು ತಿನ್ನದೆ ಜಾರಿಕೊಳ್ಳಬಹುದು. ಏಳು ಎಚ್‌ಪಿ ಎಂದರೆ ಒಂದು ಒಳ್ಳೆಯ ಏಟಿಗೆ ಸಾವು. ಬುದ್ಧಿ ಹತ್ತು ಎಂದರೆ ಸಾಧಾರಣ ಮನುಷ್ಯನಷ್ಟೇ, ಆ ಸಂಗತಿ ಅದಕ್ಕೂ ಗೊತ್ತು. ಹಾಗಿದ್ದ ಮೇಲೆ ಬಟಾಬಯಲಿನಲ್ಲಿ ಕತ್ತಿ ಹಿಡಿದು ಸಾಲಾಗಿ ನಿಲ್ಲುವ ಗಾಬ್ಲಿನ್ ಸುಳ್ಳು ಗಾಬ್ಲಿನ್.

ಬಾದಾಮಿಯ ಉತ್ತರದ ಕೋಟೆಗೆ ಮ್ಯೂಸಿಯಂ ಪಕ್ಕದಿಂದ ಹತ್ತುವ ದಾರಿ ನೋಡಿದವರಿಗೆ ಇದು ಕೂಡಲೇ ಹೊಳೆಯುತ್ತದೆ. ಎರಡೂ ಕಡೆ ಕೆಂಪು ಮರಳುಗಲ್ಲಿನ ಗೋಡೆ, ನಡುವೆ ಇಕ್ಕಟ್ಟಾದ ಸಂದು, ತಿರುವು, ಮೆಟ್ಟಿಲು. ಅಂಥ ಸಂದನ್ನು ನಕ್ಷೆಯಲ್ಲಿ ಬರೆಯಿರಿ, 5 ಅಡಿಗೆ ಒಂದು ಚೌಕ. ನಾಲ್ಕು ಗಾಬ್ಲಿನ್‌ಗಳನ್ನು ಮೇಲಿನ ಬಂಡೆಗಳ ಮರೆಯಲ್ಲಿ, ಒಂದಕ್ಕೊಂದು 20 ಅಡಿ ದೂರದಲ್ಲಿ ಕೂರಿಸಿ. ಪ್ರತಿಯೊಂದರ ಸರದಿ ಹೀಗೆ ಸಾಗುತ್ತದೆ: ಮರೆಯಿಂದ 15 ಅಡಿ ಹೊರಗೆ, ಬಾಣ, ಮತ್ತೆ 15 ಅಡಿ ಒಳಗೆ, ಬೋನಸ್ ಆಕ್ಷನ್ನಿನಲ್ಲಿ ಅಡಗು. ಒಟ್ಟು ನಡಿಗೆ 30 ಅಡಿ, ಅದರ ವೇಗವೂ ಅಷ್ಟೇ. ಎದುರಿನವರ ಪ್ಯಾಸಿವ್ ಪರ್ಸೆಪ್ಷನ್ (ಹುಡುಕದೆಯೂ ಗಮನಿಸುವ ಅಂಕ) 13 ಇದ್ದರೆ ಹತ್ತರಲ್ಲಿ ಸುಮಾರು ಏಳು ಸಲ ಅಡಗುವಿಕೆ ಫಲಿಸುತ್ತದೆ. ಅಡಗಿದ್ದು ಬಿಟ್ಟ ಬಾಣಕ್ಕೆ ಅಡ್ವಾಂಟೇಜ್, ಅಂದರೆ ಎರಡು ಸಲ ದಾಳ ಎಸೆದು ದೊಡ್ಡದನ್ನು ಹಿಡಿಯುವುದು. ಇಲ್ಲೊಂದು ಎಚ್ಚರ ಬೇಕು. ಪ್ರತಿ ಸಲ ಅದೇ ಬಂಡೆಯ ಹಿಂದಿನಿಂದಲೇ ಎದ್ದರೆ, ಆ ಕಡೆ ಬಾಣ ಹೂಡಿಕೊಂಡು ಕಾಯುವ ಆಟಗಾರರಿಗೆ ಅದರ ಫಲ ಸಿಗಲೇಬೇಕು. ಹೀಗೆ ಕಾಯುವ ರೆಡಿ ಆಕ್ಷನ್ ತೆಗೆದುಕೊಂಡವರಿಗೆ ಡಿಸ್‌ಅಡ್ವಾಂಟೇಜಿನ ತೊಡಕು ಹೇಳದೆ ಹೊಡೆಯಲು ಬಿಡಿ. ತಂತ್ರಕ್ಕೆ ಪ್ರತಿತಂತ್ರ ಇದ್ದರೆ ಮಾತ್ರ ಅದು ತಂತ್ರ.

ರಾತ್ರಿಯ ಲೆಕ್ಕ ಇನ್ನೂ ಸ್ವಾರಸ್ಯದ್ದು, ಮತ್ತು ಹೆಚ್ಚಿನ ಡಿಎಂಗಳು ಇದನ್ನು ಬಳಸುವುದೇ ಇಲ್ಲ. ಗಾಬ್ಲಿನ್ ಕತ್ತಲಲ್ಲಿ 60 ಅಡಿವರೆಗೆ ಕಾಣುತ್ತದೆ. ಎಲ್ಫ್, ಡ್ವಾರ್ಫ್ ಜಾತಿಯ ಪಾತ್ರಗಳಿಗೂ ಅಷ್ಟೇ. ಪಂಜಿನ ಬೆಳಕು 20 ಅಡಿ ಪ್ರಖರ, ಅದರಾಚೆ ಇನ್ನೂ 20 ಅಡಿ ಮಬ್ಬು. ಗಾಬ್ಲಿನ್‌ನ ಬಿಲ್ಲು 80 ಅಡಿವರೆಗೆ ಯಾವ ತೊಂದರೆಯೂ ಇಲ್ಲದೆ ಮುಟ್ಟುತ್ತದೆ. ಇವಿಷ್ಟನ್ನು ಕೂಡಿಸಿ. ಪಂಜು ಹಿಡಿದವನಿಂದ 70 ಅಡಿ ದೂರ ನಿಂತ ಗಾಬ್ಲಿನ್‌ಗೆ ಅವನು ಹಗಲಿನಂತೆ ಕಾಣುತ್ತಾನೆ, ಆದರೆ ಗುಂಪಿನ ಎಲ್ಫ್‌ಗೆ ಕೂಡ ಆ ಗಾಬ್ಲಿನ್ ಕಾಣುವುದಿಲ್ಲ. ಕಾಣದ ಕಡೆಯಿಂದ ಬಂದ ಬಾಣಕ್ಕೆ ಮತ್ತೆ ಅಡ್ವಾಂಟೇಜ್, ಅಡಗುವ ದಾಳವನ್ನೂ ಎಸೆಯಬೇಕಿಲ್ಲ. ಪಂಜು ಆರಿಸಿದ ಮರುಕ್ಷಣ ಕಥೆ ತಿರುಗುತ್ತದೆ. ಈಗ ಗಾಬ್ಲಿನ್‌ಗಳೂ ಕುರುಡು, 60 ಅಡಿಯೊಳಗೆ ಬರಲೇಬೇಕು. ಒಂದು ಪಂಜನ್ನು ಆರಿಸಬೇಕೋ ಬೇಡವೋ ಎಂದು ಇಡೀ ಮೇಜು ವಾದಕ್ಕೆ ಬೀಳುತ್ತದೆ. ಇಷ್ಟೂ ಎಸ್‌ಆರ್‌ಡಿಯಲ್ಲೇ ಇದೆ, ಆದರೆ ಚದುರಿಹೋಗಿದೆ. ಬೆಳಕಿನ ನಿಯಮ ಒಂದು ಕಡೆ, ಪಂಜಿನ ಅಳತೆ ಸಾಮಾನುಗಳ ಪಟ್ಟಿಯಲ್ಲಿ, ಗಾಬ್ಲಿನ್ ಮತ್ತೆಲ್ಲೋ. ಒಟ್ಟುಗೂಡಿಸುವ ಕೆಲಸ ನಮ್ಮದು.

ಇನ್ನು ಓಡುವ ವಿಷಯ. ನಂಬಿಕೆ ಅತಿ ಹೆಚ್ಚು ಕುಸಿಯುವುದು ಇಲ್ಲಿಯೇ. ಜೀವ ಇರುವ ಯಾವ ಪ್ರಾಣಿಯೂ ಕೊನೆಯ ಉಸಿರಿನವರೆಗೆ ಸುಮ್ಮನೆ ಕಾದಾಡುವುದಿಲ್ಲ. ಎಸ್‌ಆರ್‌ಡಿ ಈ ಬಗ್ಗೆ ಒಂದು ಸಾಲೂ ಹೇಳುವುದಿಲ್ಲ, ಇದು ಇದರ ದೊಡ್ಡ ಕೊರತೆ. ತುಂಬಿಕೊಳ್ಳಲು ಅತ್ಯುತ್ತಮ ದಾರಿ ಹಳೆಯದು, 1981ರ ಬೇಸಿಕ್ ಆವೃತ್ತಿಯ ಮೊರಾಲ್ ನಿಯಮ. ಪ್ರತಿ ಮಾನ್ಸ್ಟರ್‌ಗೆ 2ರಿಂದ 12ರವರೆಗಿನ ಒಂದು ಧೈರ್ಯದ ಅಂಕ. ಮೊದಲ ಸಾವು ಬಿದ್ದಾಗ ಒಮ್ಮೆ, ಅರ್ಧ ಗುಂಪು ನೆಲಕಚ್ಚಿದಾಗ ಇನ್ನೊಮ್ಮೆ ಡಿಎಂ ಎರಡು ಆರುಮುಖದ ದಾಳ ಎಸೆಯಬೇಕು. ಮೊತ್ತ ಆ ಅಂಕವನ್ನು ಮೀರಿದರೆ ಗುಂಪು ಹಿಮ್ಮೆಟ್ಟುತ್ತದೆ ಅಥವಾ ಶರಣಾಗುತ್ತದೆ. ಎರಡೂ ಸಲ ಗಟ್ಟಿ ನಿಂತರೆ ಕೊನೆಯವರೆಗೂ ಹೋರಾಟ. ಅಲ್ಲಿ ಕೋಬಾಲ್ಡ್‌ಗೆ 6, ಗಾಬ್ಲಿನ್‌ಗೆ 7, ತೋಳಕ್ಕೆ 8, ಓಗರ್‌ಗೆ 10, ಝಾಂಬಿಗೆ 12. ಅಂದರೆ ಒಂದು ಎಸೆತಕ್ಕೆ ಕೋಬಾಲ್ಡ್ ಹೆದರುವ ಸಂಭವ ನೂರಕ್ಕೆ 58, ಗಾಬ್ಲಿನ್ ಸುಮಾರು 42, ತೋಳ 28, ಓಗರ್ ಬರೀ 8. ಝಾಂಬಿಗೆ ಹೆದರಿಕೆಯೇ ಇಲ್ಲ. ಗಾಬ್ಲಿನ್‌ಗಳ ರಾಜ ಜೊತೆಗಿದ್ದರೆ ಅವುಗಳ ಅಂಕ 9ಕ್ಕೆ ಏರುತ್ತದೆ. ಹಾಗಾಗಿ ನಾಯಕನನ್ನು ಮೊದಲು ಕೆಡವಬೇಕು ಎಂಬ ಜಾಣ್ಮೆ ಆಟಗಾರರಿಗೆ ತಾನಾಗಿಯೇ ಬರುತ್ತದೆ. ಐದನೇ ಆವೃತ್ತಿಗೆ ಈ ಅಂಕಗಳನ್ನು ಇದ್ದಂತೆಯೇ ಎತ್ತಿಕೊಳ್ಳಬಹುದು, ಬೇರೆ ಯಾವ ನಿಯಮಕ್ಕೂ ಇದು ಅಡ್ಡ ಬರುವುದಿಲ್ಲ.

ಆದರೆ ಓಡುವುದೆಂದು ತೀರ್ಮಾನಿಸಿದ ಮಾತ್ರಕ್ಕೆ ಓಡಲಾಗುವುದಿಲ್ಲ. ಎದುರಾಳಿಯ ಕೈಗೆಟುಕುವ ಜಾಗ ಬಿಟ್ಟು ಹೊರಟರೆ ಆಪರ್ಚುನಿಟಿ ಅಟ್ಯಾಕ್ ಎಂಬ ಪುಕ್ಕಟೆ ಏಟು ಬೀಳುತ್ತದೆ. ಡಿಸ್‌ಎಂಗೇಜ್ ಮಾಡಿದರೆ ಆಕ್ಷನ್ ಖರ್ಚು, ಬರೀ ಒಂದು ಪಟ್ಟು ನಡಿಗೆ. 30 ಅಡಿ ವೇಗದ ಪ್ರಾಣಿ 30 ಅಡಿ ವೇಗದ ಮನುಷ್ಯರಿಂದ ತಪ್ಪಿಸಿಕೊಳ್ಳುವುದು ಕಷ್ಟ. ಗಾಬ್ಲಿನ್‌ಗೆ ಮಾತ್ರ ಡಿಸ್‌ಎಂಗೇಜ್ ಬೋನಸ್ ಆಕ್ಷನ್ನಿನಲ್ಲಿ ಸಿಗುವುದರಿಂದ ಆಕ್ಷನ್ನಿನಲ್ಲಿ ಡ್ಯಾಶ್ (ಇಮ್ಮಡಿ ಓಟ) ಮಾಡಿ ಒಂದೇ ಸರದಿಯಲ್ಲಿ 60 ಅಡಿ ಹಾರುತ್ತದೆ. ಬೆನ್ನಟ್ಟಿದವರು ಮುಟ್ಟಬಹುದು, ಆದರೆ ಆ ಸರದಿಯಲ್ಲಿ ಹೊಡೆಯಲು ಆಕ್ಷನ್ ಉಳಿದಿರುವುದಿಲ್ಲ. ತೋಳ, ಓಗರ್ ಎರಡರ ವೇಗವೂ 40, ಡ್ಯಾಶ್ ಸೇರಿ 80. ಇವು ತಪ್ಪಿಸಿಕೊಳ್ಳುತ್ತವೆ. ಉಳಿದವು ಅರ್ಧ ಎಚ್‌ಪಿ ಇರುವಾಗಲೇ ಹೊರಡಬೇಕು, ಇಲ್ಲವೇ ಮೊದಲೇ ಬಾಗಿಲ ಬಳಿ ಜಾಗ ಹಿಡಿದಿರಬೇಕು. ಎರಡು ಎಚ್‌ಪಿ ಉಳಿದಾಗ ಓಡಲು ಶುರುಮಾಡುವ ಮಾನ್ಸ್ಟರ್ ಬೆನ್ನಿಗೆ ಏಟು ತಿಂದು ಸಾಯುತ್ತದೆ. ಓಡಿದ್ದೂ ವ್ಯರ್ಥ, ಆ ದೃಶ್ಯವೂ ವ್ಯರ್ಥ. ನಕ್ಷೆ ಬರೆಯುವಾಗಲೇ ಪ್ರತಿ ಗುಂಪಿಗೂ ಓಡುವ ಒಂದು ದಾರಿ ಗುರುತು ಹಾಕಿಡಿ.

ಈಗ ತೋಳ. ಈ ದಾಖಲೆಯ ಪ್ರಾಣಿಗಳ ಅನುಬಂಧದಲ್ಲಿ ನಮ್ಮ ಸೀಮೆಗೆ ಇದಕ್ಕಿಂತ ಒಪ್ಪುವ ಪುಟ ಇನ್ನೊಂದಿಲ್ಲ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರ ವನ್ಯಧಾಮದ ಸುತ್ತಲಿನ ಕುರಿಗಾಹಿಗಳಿಗೆ ತೋಳದ ನಡೆ ಯಾರೂ ಹೇಳಿಕೊಡಬೇಕಿಲ್ಲ. ಒಂದು ಎದುರಿಗೆ ಕಾಣಿಸಿಕೊಂಡು ನಾಯಿಗಳನ್ನು ಎಳೆದುಕೊಂಡು ಹೋಗುತ್ತದೆ, ಇನ್ನೊಂದು ಹಿಂದಿನಿಂದ ಬಂದು ಮರಿ ಎತ್ತುತ್ತದೆ. ಎಸ್‌ಆರ್‌ಡಿ ತೋಳದ ಎಸಿ 13, ಎಚ್‌ಪಿ 11, ವೇಗ 40, ಬುದ್ಧಿ 3, ಆದರೆ ವಿವೇಕ 12. ಬುದ್ಧಿ ಕಡಿಮೆ ಇದ್ದು ವಿವೇಕ ಹೆಚ್ಚಿದ್ದರೆ ಅರ್ಥ ಇಷ್ಟೇ: ಹೊಸ ಉಪಾಯ ಹೂಡಲಾರದು, ಆದರೆ ಯಾರು ದುರ್ಬಲರು, ಗುಂಪಿನಿಂದ ದೂರ ಬಿದ್ದವರು ಯಾರು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಮೂಸಿ ನೋಡುವುದರಲ್ಲೂ ಅಡ್ವಾಂಟೇಜ್. ಆದ್ದರಿಂದ ಗಾಳಿ ಎತ್ತಿಂದ ಬೀಸುತ್ತಿದೆ ಎಂದು ಮೊದಲೇ ಬರೆದಿಟ್ಟುಕೊಳ್ಳಿ.

ಇದರ ಮುಖ್ಯ ಆಯುಧ ‘ಪ್ಯಾಕ್ ಟ್ಯಾಕ್ಟಿಕ್ಸ್’. ಗುರಿಯ 5 ಅಡಿಯೊಳಗೆ ಇನ್ನೊಂದು ತೋಳ ಇದ್ದರೆ ಅಡ್ವಾಂಟೇಜ್. ಎಸಿ 16ರ ಯೋಧನಿಗೆ ಒಂಟಿ ತೋಳದ ಕಚ್ಚು ತಗಲುವುದು ನೂರಕ್ಕೆ 45, ಜೋಡಿಯಾದರೆ ಸುಮಾರು 70. ಹೀಗಾಗಿ ನಾಲ್ಕು ತೋಳ, ನಾಲ್ಕು ಜನ, ಒಬ್ಬೊಬ್ಬರಿಗೆ ಒಂದೊಂದು ಎಂದು ಹಂಚುವುದು ದೊಡ್ಡ ತಪ್ಪು. ಆಟಗಾರರಿಗೆ ಅದು ನ್ಯಾಯವೆನಿಸಬಹುದು, ತೋಳಕ್ಕೆ ಅದು ಅರ್ಥವಿಲ್ಲದ ಮಾತು. ಆದರೆ ಉಲ್ಟಾ ಹೋದರೂ ಅಪಾಯವಿದೆ. ತಗುಲಿದ ಪ್ರತಿ ಕಚ್ಚಿಗೆ ಸರಾಸರಿ 7. ನಾಲ್ಕೂ ಒಬ್ಬನ ಮೇಲೆ ಬಿದ್ದರೆ ಒಂದು ಸುತ್ತಿಗೆ ಇಪ್ಪತ್ತರ ಹತ್ತಿರ. ಮೊದಲ ಹಂತದ ಪಾತ್ರದ ಎಚ್‌ಪಿ ಹತ್ತರ ಆಸುಪಾಸು. ಸರದಿ ಬರುವ ಮೊದಲೇ ಆತ ನೆಲದಲ್ಲಿ. ನಿಜ ತೋಳಗಳ ರೀತಿಯೇ ಇಲ್ಲಿ ಕೈಹಿಡಿಯುತ್ತದೆ: ಎರಡು ಮುನ್ನುಗ್ಗುತ್ತವೆ, ಎರಡು ಸುತ್ತು ಹಾಕುತ್ತವೆ, ಪೆಟ್ಟು ತಿಂದದ್ದು ಹಿಂದೆ ಸರಿದು ಇನ್ನೊಂದಕ್ಕೆ ಜಾಗ ಬಿಡುತ್ತದೆ. ಗಾಯವಾದ ತೋಳ ನಾಳೆ ಬೇಟೆಯಾಡಲಾರದು, ಬೇಟೆ ಇಲ್ಲದಿದ್ದರೆ ಉಪವಾಸ. ಅದಕ್ಕೇ ಆ ಹುಷಾರಿ.

ಅದಕ್ಕಿಂತ ಮುಖ್ಯ, ತೋಳಕ್ಕೆ ಬೇಕಿರುವುದು ಕವಚ ತೊಟ್ಟ ಮನುಷ್ಯನಲ್ಲ, ಕುರಿ. ಕುರಿಹಟ್ಟಿ ಕಾಯುವ ಕಾಳಗ ಮಾಡಿ ನೋಡಿ. ಕುರಿಗೆ ಆಡಿನ ಸ್ಟ್ಯಾಟ್ ಬ್ಲಾಕ್ (ಅಂಕಿಗಳ ಪಟ್ಟಿ) ಸಾಕು, ಅದರ ಎಚ್‌ಪಿ 4. ತೋಳದ ಕಚ್ಚು ಎರಡು ನಾಲ್ಕುಮುಖದ ದಾಳಕ್ಕೆ 2 ಕೂಡಿಸಿದ್ದು, ಕನಿಷ್ಠ ಎಂದರೂ 4. ತಗುಲಿತೆಂದರೆ ಕುರಿ ಸತ್ತಂತೆಯೇ. ಹೊರುವ ಲೆಕ್ಕವೂ ಕೂಡಿಬರುತ್ತದೆ. ಶಕ್ತಿ 12 ಇರುವ ತೋಳ 180 ಪೌಂಡ್, ಅಂದರೆ ಸುಮಾರು 82 ಕಿಲೋವರೆಗೆ ಹೊರಬಲ್ಲದು, ನಿಯಮದ ಪ್ರಕಾರ ಕುರಿ ಕಚ್ಚಿಕೊಂಡೇ ಪೂರ್ತಿ ವೇಗದಲ್ಲಿ ಓಡುತ್ತದೆ. ಆಟಗಾರರಿಗೆ ಒಂದು ಸುತ್ತಿನ ಅವಕಾಶ ಮಾತ್ರ. ಅದೇ ತೋಳ ಕವಚ ತೊಟ್ಟು ಬಿದ್ದ ಯೋಧನನ್ನು ಎಳೆಯಲು ಹೋದರೆ? 70 ಕಿಲೋ ಆಳು, 55 ಪೌಂಡಿನ ಚೈನ್ ಮೇಲ್, ಭಾರ 180 ದಾಟುತ್ತದೆ, ವೇಗ 5 ಅಡಿಗೆ ಇಳಿಯುತ್ತದೆ. 40 ಪೌಂಡಿನ ಕುಳ್ಳ ಹಾಫ್ಲಿಂಗ್ ಪಾತ್ರ ಮಾತ್ರ ಕುರಿಯಷ್ಟೇ ಸಲೀಸು.

ಹೇಳುವ ಬಗೆಯೂ ತಂತ್ರದ ಭಾಗವೇ. ‘ತೋಳ ದಾಳಿ ಮಾಡ್ತು, 17, ತಗಲ್ತಾ?’ ಎಂದರೆ ಆಟಗಾರನಿಗೆ ಸಂಖ್ಯೆ ಬಿಟ್ಟು ಇನ್ನೇನೂ ಸಿಗಲಿಲ್ಲ. ‘ಅದರ ಕಣ್ಣು ನಿನ್ನ ಮ್ಯಾಲ ಇಲ್ಲಪಾ, ನಿನ್ನ ಹಿಂದಿನ ಮರಿ ಮ್ಯಾಲ ಐತಿ. ನೀ ಎಡಕ್ಕ ಸರದ್ರ ಅದೂ ಎಡಕ್ಕ ಸರೀತೈತಿ. ಹಿಂದ ನಾಯಿ ಬೊಗಳೂದು ನಿಂತೈತಿ ನೋಡು’ ಎಂದರೆ ಸಾಕು, ಆತ ಹಿಂತಿರುಗಿ ನೋಡಲೇಬೇಕಾಗುತ್ತದೆ. ಮಾನ್ಸ್ಟರ್ ಏನು ಮಾಡಲಿದೆ ಎಂಬ ಸುಳಿವು ಒಂದು ಸುತ್ತು ಮೊದಲೇ ಸಿಗಬೇಕು. ಸುಳಿವಿಲ್ಲದ ಜಾಣತನ ಡಿಎಂನ ಮೋಸದಂತೆಯೇ ಕಾಣುತ್ತದೆ.

ನಾಯಿ ಎಂದಾಗ ಒಂದು ತಿದ್ದುಪಡಿ. ಎಸ್‌ಆರ್‌ಡಿಯ ಮಾಸ್ಟಿಫ್ ಕಿವಿ, ಮೂಗುಗಳ ನಾಯಿ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ಅದನ್ನು ಆಟಕ್ಕೆ ತರುವುದಾದರೆ ಮೂಸುವ ಅಡ್ವಾಂಟೇಜನ್ನು ನೋಟಕ್ಕೆ ಬದಲಿಸಿ, ವೇಗ 40 ಇದ್ದದ್ದನ್ನು 50 ಮಾಡಿ. ಆಗ ಬಯಲಿನಲ್ಲಿ ಅದರಿಂದ ಯಾರೂ ತಪ್ಪಿಸಿಕೊಳ್ಳಲಾರರು, ಕತ್ತಲಲ್ಲಿ ಅಥವಾ ಕಬ್ಬಿನ ಗದ್ದೆಯಲ್ಲಿ ನುಸುಳಿದವರು ಬದುಕುತ್ತಾರೆ.

ಚಿರತೆಗೆ ಪ್ಯಾಂಥರ್ ಪುಟ ಬಳಸಿ. ಎಚ್‌ಪಿ 13, ವೇಗ 50, ಹತ್ತುವ ವೇಗ 40, ಅಡಗುವ ಕೌಶಲ +6. ನೇರ ಗೆರೆಯಲ್ಲಿ 20 ಅಡಿ ಓಡಿಬಂದು ಪಂಜ ತಗುಲಿಸಿದರೆ ಎದುರಾಳಿ ಶಕ್ತಿಯ ಸೇವ್ (ಪರಿಣಾಮ ತಪ್ಪಿಸಿಕೊಳ್ಳುವ ದಾಳ) 12 ಗೆಲ್ಲಬೇಕು, ಸೋತರೆ ಬೀಳುತ್ತಾನೆ, ಬಿದ್ದವನಿಗೆ ಬೋನಸ್ ಆಕ್ಷನ್ನಿನಲ್ಲಿ ಕಚ್ಚು. ಪಕ್ಕದಲ್ಲೇ ನಿಂತು ಶುರುಮಾಡಿದ ಚಿರತೆಗೆ ಇದು ಯಾವುದೂ ದಕ್ಕದು, ಅಲ್ಲೇ ಹೆಚ್ಚಿನವರು ತಪ್ಪುವುದು. 30 ಅಡಿ ಬಂಡೆಯಿಂದ ನೇರ ಧುಮುಕಿಸಿದರೂ ಮೂರು ಆರುಮುಖದ ದಾಳದಷ್ಟು ಪೆಟ್ಟು ಅದಕ್ಕೇ ಬೀಳುತ್ತದೆ. ಸದ್ದಿಲ್ಲದೆ ಇಳಿಸಿ, ಸಾಲಿನ ಕೊನೆಯವರ ಮೇಲೆ ಒಂದೇ ಒಂದು ನೆಗೆತ. ಗುರಿ ತಪ್ಪಿತೋ, ಏಳೆಂಟು ಎಚ್‌ಪಿ ಹೋಯಿತೋ, ಮರ ಹತ್ತಿ ಮಾಯ. ಹೀಗೆ ಮಾಯವಾದರೆ ಆಟಗಾರರು ಒಪ್ಪುತ್ತಾರೆಯೇ ಎಂದು ಬೆಳಗಾವಿಯಲ್ಲಿ ಯಾರೂ ಕೇಳಲಾರರು. 2022ರ ಆಗಸ್ಟ್‌ನಲ್ಲಿ ಇಲ್ಲಿನ ಗಾಲ್ಫ್ ಮೈದಾನ ಸೇರಿದ ಚಿರತೆಗಾಗಿ ಬೋನು, ಕ್ಯಾಮೆರಾ ಇಟ್ಟರು, ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು, ಸಕ್ರೆಬೈಲಿನಿಂದ ಆನೆಗಳನ್ನೂ ಕರೆಸಿದರು. ಊರ ನಡುವೆಯೇ ಇದ್ದು ದಿನಗಟ್ಟಲೆ ಯಾರ ಕೈಗೂ ಸಿಗಲಿಲ್ಲ. ಚಿರತೆಯ ಕಾಳಗ ಎಂದರೆ ಮುಕ್ಕಾಲು ಪಾಲು ಅದು ಕಾಣದಿರುವುದು.

ಉಳಿದವು ಚುಟುಕಾಗಿ. ಓಗರ್‌ನ ಬುದ್ಧಿ 5, ವಿವೇಕ 7, ಎಚ್‌ಪಿ 59. ಹತ್ತಿರ ಇದ್ದವರಿಗೆ ದೊಣ್ಣೆ, ಕೈಗೆ ಸಿಗದವರಿಗೆ ಮಾತ್ರ ಜಾವೆಲಿನ್. ಅದಕ್ಕೆ ಇದಕ್ಕಿಂತ ಜಾಣತನ ಕೊಡಬೇಡಿ. ಬೈದವರ ಕಡೆ ತಿರುಗಲಿ, ಮಂತ್ರವಾದಿಯನ್ನು ಗುರುತಿಸದಿರಲಿ. ಝಾಂಬಿಯ ವೇಗ ಬರೀ 20, ತೆರೆದ ಜಾಗದಲ್ಲಿ ಅದು ಯಾರಿಗೂ ಅಪಾಯವಲ್ಲ. ಮುಚ್ಚಿದ ಕೋಣೆ, ಕಾಲು ಹೂಳುವ ಕೆಸರು ಬೇಕು. ಸೊನ್ನೆಗೆ ಬಿದ್ದರೂ, ತಿಂದ ಪೆಟ್ಟಿಗೆ 5 ಕೂಡಿಸಿದ ಸೇವ್ ಗೆದ್ದರೆ ಅದು ಒಂದು ಎಚ್‌ಪಿಯಲ್ಲಿ ಉಳಿಯುತ್ತದೆ. 8ರ ಪೆಟ್ಟಿಗೆ ಗೆಲ್ಲುವ ಸಂಭವ ನೂರಕ್ಕೆ 55. ಎಳೆಯ ಕೆಂಪು ಡ್ರ್ಯಾಗನ್‌ಗೆ ಹಾರುವ ವೇಗ 80, ಬೆಂಕಿಯ ಉಸಿರು 30 ಅಡಿ, ಬುದ್ಧಿ 14. 65 ಅಡಿಯಿಂದ 35 ಅಡಿ ಒಳಗೆ ಬಂದು ಉಗುಳಿ, 45 ಅಡಿ ಹಿಂದೆ ಹೋದರೆ 75 ಅಡಿ ದೂರ. 60 ಅಡಿಯ ಮಂತ್ರಗಳು ಮುಟ್ಟವು. ಉಸಿರು ಮರಳಿ ತುಂಬುವ ಸಂಭವ ಸುತ್ತಿಗೆ ಮೂರರಲ್ಲಿ ಒಂದು. ತುಂಬುವವರೆಗೆ ಅದು ಕೆಳಗಿಳಿಯುವ ಕಾರಣವೇ ಇಲ್ಲ. ಇಳಿಸಬೇಕೆಂದರೆ ಅದರ ಮೊಟ್ಟೆಯನ್ನೋ ನಿಧಿಯನ್ನೋ ಮುಟ್ಟಬೇಕು.

ತಯಾರಿಗೆ ಪ್ರತಿ ಮಾನ್ಸ್ಟರ್‌ಗೂ ಅಂಗೈ ಅಗಲದ ಒಂದು ರಟ್ಟಿನ ಕಾರ್ಡ್ ಸಾಕು. ಮೇಲೆ ಎಸಿ, ಎಚ್‌ಪಿ, ವೇಗ, ದಾಳಿ. ಕೆಳಗೆ ನಾಲ್ಕು ಮಾತು: ಏನು ಬೇಕು, ಮೊದಲ ಸುತ್ತಿನಲ್ಲಿ ಏನು ಮಾಡುತ್ತದೆ, ಧೈರ್ಯದ ಅಂಕ ಎಷ್ಟು, ಯಾವ ಕಡೆ ಓಡುತ್ತದೆ. ಮೊದಲ ಮಾತು ಖಾಲಿ ಬಿಟ್ಟರೆ ಉಳಿದ ಮೂರೂ ಕೆಲಸಕ್ಕೆ ಬಾರವು. ಹಸಿದ ತೋಳ, ಮರಿ ಕಾಯುವ ತೋಳ ಬೇರೆ ಬೇರೆ. ಎರಡನೆಯದರ ಧೈರ್ಯ 8ರಿಂದ 11ಕ್ಕೆ ಏರಿಸಬೇಕು. ಬಿದ್ದ ಪಾತ್ರವನ್ನು ಮತ್ತೆ ಕಚ್ಚಬೇಕೇ ಎಂಬುದನ್ನೂ ಈ ಸಾಲೇ ನಿರ್ಧರಿಸಲಿ. ಪ್ರಜ್ಞೆ ತಪ್ಪಿದವರಿಗೆ 5 ಅಡಿಯೊಳಗಿನಿಂದ ತಗುಲಿದ ಏಟು ಕ್ರಿಟಿಕಲ್, ಬದುಕುಳಿಯಲು ಎಸೆಯುವ ಡೆತ್ ಸೇವ್ ಎರಡು ಹೋದಂತೆ, ಇಂಥವು ಎರಡಾದರೆ ಪಾತ್ರ ಸತ್ತಿತು. ಕಾಳಗ ನಡೆದಿರುವಾಗ ತೋಳವಾಗಲಿ ಗಾಬ್ಲಿನ್ ಆಗಲಿ ಅಲುಗಾಡದವರ ಮೇಲೆ ಸಮಯ ಕಳೆಯಲು ಕಾರಣ ಕಡಿಮೆ. ಕಾರಣ ಇರುವವರು ಇದ್ದರೆ ಅದನ್ನು ಮೊದಲೇ ಬಾಯಿಬಿಟ್ಟು ಹೇಳಿಸಿ.

ಬಳಕೆಯ ತೊಂದರೆಗಳೂ ಇವೆ. ಪುಟಗಳು ಎರಡು ಕಾಲಮ್ಮಿನವು, ಫೋನಿನಲ್ಲಿ ಓದುವುದು ಕಣ್ಣಿಗೆ ಶಿಕ್ಷೆ. ತೋಳ, ಚಿರತೆಯಂಥವು ಮುಖ್ಯ ಪಟ್ಟಿಯಲ್ಲಿಲ್ಲ, ಪ್ರತ್ಯೇಕ ಅನುಬಂಧದಲ್ಲಿವೆ. ಹುಡುಕಿ ಸಿಗಲಿಲ್ಲವೆಂದು ಕೈಬಿಡಬೇಡಿ. ಬಿಹೋಲ್ಡರ್, ಮೈಂಡ್ ಫ್ಲೇಯರ್‌ಗಳಂಥ ಹೆಸರಾಂತ ಕೆಲವು ಇದರಲ್ಲಿ ಇಲ್ಲವೇ ಇಲ್ಲ. ಪೂರ್ತಿ ಪ್ರಿಂಟ್ ತೆಗೆಸುವ ಅಗತ್ಯವಿಲ್ಲ. ಬೇಕಾದ ಪುಟಗಳನ್ನಷ್ಟೇ ಕಪ್ಪು ಬಿಳುಪಿನಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿ ಕತ್ತರಿಸಿ ಕಾರ್ಡಿನ ಹಿಂದೆ ಅಂಟಿಸುವುದು ಒಳ್ಳೆಯದು.

ಪರವಾನಗಿಯ ಲಾಭವನ್ನು ನಮ್ಮವರು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ. ಮೊದಲ ಪುಟದಲ್ಲಿ ಕೊಟ್ಟಿರುವ ಕೃತಜ್ಞತೆಯ ಸಾಲನ್ನು ಸೇರಿಸಿದರೆ ಈ ಸ್ಟ್ಯಾಟ್ ಬ್ಲಾಕ್‌ಗಳನ್ನು ಕನ್ನಡಕ್ಕೆ ತರಬಹುದು, ತಿದ್ದಬಹುದು, ಹಂಚಬಹುದು, ಮಾರಲೂಬಹುದು. ಮುಧೋಳ ನಾಯಿ, ಯಡಹಳ್ಳಿ ತೋಳ, ಬಾದಾಮಿ ಸಂದಿನ ಗಾಬ್ಲಿನ್ ಇರುವ ಒಂದು ಕನ್ನಡ ಕಾರ್ಡ್ ಕಟ್ಟನ್ನು ಯಾರು ಬೇಕಾದರೂ ಇವತ್ತೇ ಶುರುಮಾಡಬಹುದು.

2025ರಲ್ಲಿ ಬಂದ ಎಸ್‌ಆರ್‌ಡಿ 5.2ಕ್ಕೆ ಹೋಗಬೇಕೇ? ಹೊಸ ನಿಯಮಗಳಲ್ಲಿ ಆಡುವ ಗುಂಪಿಗೆ ಅದೇ ಸರಿ. ಅಲ್ಲಿ ತೋಳದ ಕಚ್ಚು ತಗುಲಿದರೆ ಸೇವ್ ಇಲ್ಲದೆಯೇ ಎದುರಾಳಿ ಬೀಳುತ್ತಾನೆ. ದಾಳ ಕಡಿಮೆ, ಆಟ ಚುರುಕು, ಆದರೆ ಎರಡು ತೋಳಗಳ ಅಪಾಯ ಹೆಚ್ಚು, ಮೊದಲ ಹಂತದಲ್ಲಿ ಒಂದನ್ನು ಕಡಿಮೆ ಇಡಿ. ಮೊರಾಲ್ ನಿಯಮ ಬೇಕೇ ಬೇಕು ಎನ್ನುವವರಿಗೆ ಅಲ್ಲೂ ಮೇಲಿನ ಅಂಕಗಳೇ ಗತಿ. ಈಗಾಗಲೇ 5.1ರಲ್ಲಿ ಆಡುತ್ತಿರುವವರು ಬರೀ ಮಾನ್ಸ್ಟರ್‌ಗಳಿಗಾಗಿ ಬದಲಾಯಿಸಬೇಕಿಲ್ಲ.